ಗೂಢಚಾರನ ಲೆಕ್ಕ ಯಾರ ಹತ್ತಿರ?

2025ರ ಆಗಸ್ಟ್ 14ರ ರಾತ್ರಿ. ಮರುದಿನ ಸ್ವಾತಂತ್ರ್ಯೋತ್ಸವ. ನಾವು ನಾಲ್ಕಾರು ಜನ ಕಾರ್ಯಕರ್ತರು ಕೆಲಸದ ಮಾತು ಮುಗಿಸಿ, ಮಳೆ ನಿಲ್ಲಲೆಂದು ಧಾರವಾಡದ ಸಪ್ತಾಪುರದಲ್ಲಿ ಒಂದು ಚಹದ ಅಂಗಡಿಯಲ್ಲಿ ಕುಳಿತಿದ್ದೆವು. ಸಪ್ತಾಪುರವೆಂದರೆ ಏನೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಕಡೆಯ ರೈತರ, ಕೂಲಿಕಾರರ ಮಕ್ಕಳು ಇಲ್ಲಿಗೆ ಬಂದು, ಒಂದೊಂದು ಕೋಣೆಯಲ್ಲಿ ಮೂವರು ನಾಲ್ವರು ಇದ್ದು, ಖಾನಾವಳಿಯ ರೊಟ್ಟಿ ಉಂಡು, ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಾರೆ. ಗೋಡೆಗೊಂದು ತರಬೇತಿ ಕೇಂದ್ರದ ಹಲಗೆ. ಪಿಎಸ್‌ಐ, ಪಿಡಿಓ, ಎಫ್‌ಡಿಎ, ಕೆಎಎಸ್ ಇವೇ ಇಲ್ಲಿಯ ಅ ಆ ಇ ಈ.

ಅಂಥ ತರುಣರ ಒಂದು ಗುಂಪು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದಿಳಿದು, ತೊಯ್ದ ಅಂಗಿಯಲ್ಲಿಯೇ ಅಂಗಡಿಯೊಳಗೆ ನುಗ್ಗಿತು. ಅಂದೇ ಬಿಡುಗಡೆಯಾದ 'ವಾರ್ 2' ಎಂಬ ಹಿಂದಿ ಚಿತ್ರಪಟ ನೋಡಿ ಬಂದಿದ್ದರು. ಕೂಡುವ ಮೊದಲೇ ಜಗಳ ಸುರುವಾಗಿತ್ತು.

"ಏನೂ ಮಜಾ ಬರಲಿಲ್ಲೋ ದೋಸ್ತ. ಮೊದಲನೇದು ಚಲೋ ಇತ್ತು, ಇದು ಅದರ ಜೆರಾಕ್ಸ್" ಎಂದ ಒಬ್ಬ.

"ಹೃತಿಕನ ಎಂಟ್ರಿ ಒಂದ ಸಾಕಲೇ, ರೊಕ್ಕ ವಸೂಲ್" ಎಂದ ಇನ್ನೊಬ್ಬ.

"ಗ್ರಾಫಿಕ್ಸ್ ನೋಡಿದಿ ಏನು? ಹುಡುಗೂರ ಗೇಮ್ ಇದ್ದಂಗ ಇತ್ತು."

"ಎನ್‌ಟಿಆರ್‌ನ ಕರಸಿ ವೇಸ್ಟ್ ಮಾಡ್ಯಾರ."

ಹೀಗೆ ಅರ್ಧ ತಾಸು ನಡೆಯಿತು. ರೈಲಿನ ಮೇಲಿನ ಹೊಡೆದಾಟಕ್ಕೆ ಎಷ್ಟು ಅಂಕ, ವಿಮಾನದ ಮೇಲಿನದಕ್ಕೆ ಎಷ್ಟು ಅಂಕ, 2023ರ 'ಪಠಾಣ್'ಗಿಂತ ಇದು ಮೇಲೋ ಕೆಳಗೋ. ಪರೀಕ್ಷೆಗೆ ಓದುವ ಮಕ್ಕಳಲ್ಲವೇ, ಅಂಕ ಹಾಕುವುದು ಚೆನ್ನಾಗಿ ಬರುತ್ತದೆ. ನಾವು ಸುಮ್ಮನೆ ಕೇಳುತ್ತ ಕುಳಿತಿದ್ದೆವು. ಆದರೆ ಹಳೆಯ ಶಾಲಾಮಾಸ್ತರರ ನಾಲಿಗೆ ಎಷ್ಟು ಹೊತ್ತು ಸುಮ್ಮನಿದ್ದೀತು?

"ತಮ್ಮಾ, ಆ ಹೃತಿಕನ ಪಾತ್ರ ಅದ ಅಲ್ಲ, ಅವನ ಲೆಕ್ಕ ಯಾರ ಹತ್ತಿರ ಇರತದ?" ಎಂದು ಕೇಳಿದೆವು.

"ಲೆಕ್ಕ ಅಂದ್ರ ಸರ?"

"ಅವನು ಇಷ್ಟು ಮಂದಿಯನ್ನು ಕೊಂದಾನಲ್ಲ, ಯಾರ ಅಪ್ಪಣೆ? ಎಷ್ಟು ಖರ್ಚು? ತಪ್ಪಾದರ ಯಾರು ಕೇಳವರು?"

ಗುಂಪೆಲ್ಲ ಘೊಳ್ಳೆಂದು ನಕ್ಕಿತು. "ಸರ, ನೀವು ಸಿನೇಮಾದಾಗೂ ಆಡಿಟ್ ಹಚ್ಚತೀರಲ್ಲರಿ!"

ಆ ನಗೆಯ ಬಗ್ಗೆಯೇ ನಾವು ಇಂದು ಬರೆಯಬೇಕಾಗಿದೆ. ತರುಣರ ಮೇಲೆ ನಮಗೆ ಸಿಟ್ಟಿಲ್ಲ. ಸಿನೇಮಾ ನೋಡಬಾರದೆಂದು ಉಪದೇಶ ಮಾಡುವ ಮಠಸ್ಥರೂ ನಾವಲ್ಲ. ದಿನಕ್ಕೆ ಹನ್ನೆರಡು ತಾಸು ಓದುವವರಿಗೆ ಮೂರು ತಾಸಿನ ಕತ್ತಲೆ ಬೇಕು, ಸೀಟಿ ಹೊಡೆಯುವ ಸ್ವಾತಂತ್ರ್ಯವೂ ಬೇಕು. ಆದರೆ ಚಿತ್ರ ಕೆಟ್ಟಿತೆಂದು ಬೈಯುವವನೂ, ಚಿತ್ರ ಗೆದ್ದಿತೆಂದು ಕುಣಿಯುವವನೂ ಒಂದು ಸಂಗತಿಯಲ್ಲಿ ಮಾತ್ರ ಒಬ್ಬರ ಮಾತನ್ನೊಬ್ಬರು ಮೀರಲಿಲ್ಲ: ಗೂಢಚಾರನಿಗೆ ಕಾನೂನು ಬೇಡ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅವಶ್ಯಕತೆಯೂ ಬೀಳಲಿಲ್ಲ.

ಚಿತ್ರದ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಮುಂಬಯಿಯ ಯಶ್‌ರಾಜ್ ಸಂಸ್ಥೆಯವರು 2012ರಲ್ಲಿ 'ಏಕ್ ಥಾ ಟೈಗರ್' ಎಂದು ಆರಂಭಿಸಿದ ಗೂಢಚಾರ ಮಾಲೆಯಲ್ಲಿ ಇದು ಆರನೆಯದು. ನಡುವೆ 2017, 2019ರಲ್ಲಿ ಒಂದೊಂದು, 2023ರಲ್ಲಿ ಎರಡು. ಈ ಆರನೆಯದರಲ್ಲಿ ಕಬೀರನೆಂಬ ಗೂಢಚಾರ, ದೇಶವನ್ನು ನುಂಗಲು ಹೊರಟ ಒಂದು ಗುಪ್ತಕೂಟದೊಳಗೆ ಸೇರಿಕೊಳ್ಳಬೇಕು. ಅದಕ್ಕಾಗಿ ತನ್ನ ಗುರುವೂ ಮೇಲಧಿಕಾರಿಯೂ ಆದ ಕರ್ನಲ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ. ದೇಶಕ್ಕಾಗಿ. ಪ್ರೇಕ್ಷಕನ ಕಣ್ಣಲ್ಲಿ ನೀರು ಬರುತ್ತದೆ. ವಿಚಾರಣೆ, ನ್ಯಾಯಾಲಯ, ಸಾಕ್ಷಿ ಎಂಬ ಮಾತು ಯಾರಿಗೂ ನೆನಪಾಗುವುದಿಲ್ಲ. ನಮ್ಮ ತರುಣರಲ್ಲಿ ಒಬ್ಬ ಆ ದೃಶ್ಯಕ್ಕೆ ಹತ್ತಕ್ಕೆ ಎಂಟು ಹಾಕಿದ್ದ.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇವೆ. ಈ ಚಿತ್ರ ಹಿಂದಿಯಲ್ಲಿ ಬಂತು, ತೆಲುಗಿನಲ್ಲಿ ಬಂತು, ತಮಿಳಿನಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗಿಗೆ ಅಡ್ಡಿಯೆಂದು ಹೇಳುವ ಹಾಗಿಲ್ಲ. 2015ರಲ್ಲಿಯೇ ಸ್ಪರ್ಧಾ ಆಯೋಗವು ಆ ಅಡ್ಡಿಯನ್ನು ತಪ್ಪೆಂದಿತು, 2017ರಿಂದ ಡಬ್ಬಿಂಗ್ ಚಿತ್ರಗಳು ಬರುತ್ತಲೂ ಇವೆ. ಇಬ್ಬರು ನಾಯಕರಲ್ಲಿ ಒಬ್ಬನ ತಾಯಿಯ ಊರು ಕುಂದಾಪುರ. ಆದರೂ ಕನ್ನಡಿಗನು ಹಿಂದಿಯಲ್ಲಿಯೇ ನೋಡುತ್ತಾನೆ, ದುಡ್ಡು ಕೊಡುತ್ತಾನೆ ಎಂಬ ಧೈರ್ಯ ಮುಂಬಯಿಯ ಧನಿಗಳಿಗೆ. ದುಡ್ಡೆಂದರೆ ಎಷ್ಟು? ರಾಜ್ಯ ಸರಕಾರ 2025ರ ಸಪ್ಟೆಂಬರಿನಲ್ಲಿ ಟಿಕೀಟಿಗೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಉಚ್ಚ ನ್ಯಾಯಾಲಯದಿಂದ ತಡೆ ಬಂತು. ಗೂಢಚಾರನ ಲೆಕ್ಕ ಕೇಳಿದರೆ ನಗುವ ನಮ್ಮ ತರುಣರು ಟಿಕೀಟಿನ ಲೆಕ್ಕ ಕೇಳಿದರೆ ಮಾತ್ರ ನಗುವುದಿಲ್ಲ. ಖಾನಾವಳಿಯ ಎರಡು ದಿನದ ಊಟ ಅದರಲ್ಲಿ ಹೋಗಿರುತ್ತದೆ.

ನಮ್ಮ ಬಾಕಿನ ತುದಿಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕುಳಿತಿದ್ದರು. ಇಷ್ಟು ಹೊತ್ತು ಸುಮ್ಮನಿದ್ದವರು ಒಮ್ಮೆಲೇ, "ನಾವು 'ಜೇಡರ ಬಲೆ' ನೋಡಾಗ ಇದಕ್ಕಿಂತ ಜೋರ ಸೀಟಿ ಹೊಡದಿದ್ವಿ" ಎಂದರು. ತರುಣರು ತಿರುಗಿ ನೋಡಿದರು. ಕನ್ನಡದಲ್ಲಿಯೂ ಗೂಢಚಾರ ಚಿತ್ರಮಾಲೆಯೊಂದಿತ್ತು ಎಂಬುದೇ ಇಬ್ಬರಿಗೆ ಗೊತ್ತಿರಲಿಲ್ಲ.

ಇತ್ತು. 1968ರಲ್ಲಿ ದೊರೆ-ಭಗವಾನ್ ಜೋಡಿ 'ಜೇಡರ ಬಲೆ'ಯನ್ನು ತೆಗೆದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999' ಬಂತು. 1969ರಲ್ಲಿ 'ಆಪರೇಶನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಶನ್ ಡೈಮಂಡ್ ರಾಕೆಟ್'. ನಾಲ್ಕರಲ್ಲಿಯೂ ರಾಜಕುಮಾರ್. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಬಂದು, ಕನಕದಾಸನಾಗಿ, ರಣಧೀರ ಕಂಠೀರವನಾಗಿ, ಇಮ್ಮಡಿ ಪುಲಿಕೇಶಿಯಾಗಿ ನಾಡಿನ ಮನೆಮನೆಗೆ ಪರಿಚಿತನಾದ ನಟ ಒಮ್ಮೆಲೇ ಕೋಟು ಟೈ ತೊಟ್ಟು ಕೈಯಲ್ಲಿ ಪಿಸ್ತೂಲು ಹಿಡಿದು ನಿಂತರೆ ಪ್ರೇಕ್ಷಕರಿಗೆ ಹೇಗಾಗಿರಬೇಡ? "ಕಣ್ಣಪ್ಪ ಸೂಟು ಹಾಕ್ಯಾನಂತ ಹೇಳಿದ್ರ ನಮ್ಮವ್ವ ನಂಬಲಿಲ್ಲ. ಹೋಗಿ ನೋಡಿ ಬಂದು, ಮಡಿ ಬಿಟ್ಟಾನ ಬಿಡು ಅಂದ್ಲು" ಎಂದು ಆ ಹಿರಿಯರು ನಕ್ಕರು. ಆಕೆಯೂ ಒಬ್ಬ ಪ್ರೇಕ್ಷಕಳೇ. ನಾವು ಕೇಳಿದ ಚಿತ್ರವಿಮರ್ಶೆಗಳಲ್ಲಿ ಅದಕ್ಕಿಂತ ಚಿಕ್ಕದು ಇನ್ನೊಂದಿಲ್ಲ.

ಈ ಸಿ.ಐ.ಡಿ. 999 ಹಿಡಿಯಹೊರಟದ್ದು ಯಾರನ್ನು? ಇದನ್ನು ಸ್ವಲ್ಪ ಸಾವಕಾಶವಾಗಿ ನೋಡಬೇಕು. 'ಜೇಡರ ಬಲೆ'ಯಲ್ಲಿ ಯಾವ ಲೋಹವನ್ನಾದರೂ ಬಂಗಾರ ಮಾಡುವ ಒಂದು ಸೂತ್ರದ ಬೆನ್ನು ಹತ್ತಿ ಕಳ್ಳರ ಕೂಟ ಹೊರಡುತ್ತದೆ. ಇಂದು ಕೇಳಿದರೆ ಅಜ್ಜಿಯ ಕಥೆ. ಆದರೆ ಅಂದಿನ ಪ್ರೇಕ್ಷಕನಿಗೆ ಬಂಗಾರವೆಂದರೆ ಕಥೆಯಾಗಿರಲಿಲ್ಲ. ಚೀನದ ಯುದ್ಧವಾದ ಮೇಲೆ 1963ರ ಜನವರಿಯಲ್ಲಿ ಮೊರಾರಜಿ ದೇಸಾಯಿಯವರು ಬಂಗಾರ ನಿಯಂತ್ರಣ ನಿಯಮ ತಂದು 14 ಕ್ಯಾರೆಟ್ಟಿಗಿಂತ ಶುದ್ಧವಾದ ಆಭರಣ ಮಾಡಬಾರದೆಂದರು. ಅಕ್ಕಸಾಲಿಗರ ಕುಟುಂಬಗಳು ಬೀದಿಗೆ ಬಂದವು. 1968ರಲ್ಲಿ ಅದೇ ಒಂದು ಕಾಯ್ದೆಯಾಗಿ ನಿಂತು 1990ರ ತನಕ ಉಳಿಯಿತು. ಬಡ ಅಕ್ಕಸಾಲಿಗನ ಕೈ ಕಟ್ಟಿದ ಸರಕಾರಕ್ಕೆ ಕಳ್ಳಸಾಗಣೆಯ ಧನಿಯ ಕೈ ಕಟ್ಟಲು ಮಾತ್ರ ಆಗಲಿಲ್ಲ. ಗೋವಾ 1961ರ ಡಿಸೆಂಬರಿನವರೆಗೆ ಪೋರ್ತುಗೀಜರ ಕೈಯಲ್ಲಿತ್ತು. ಅಲ್ಲಿಂದ ಘಟ್ಟ ಹತ್ತಿ ಬರುತ್ತಿದ್ದ ಬಂಗಾರ, ಗಡಿಯಾರಗಳ ಕಥೆ ನಮ್ಮ ಜಿಲ್ಲೆಯ ಹಿರಿಯರಿಗೆಲ್ಲ ಗೊತ್ತು. ಹೀಗಿರುವಾಗ ಒಬ್ಬ ಸಿ.ಐ.ಡಿ. ಗೋವಾಕ್ಕೆ ಹೋಗುತ್ತಾನೆ, ಬಂಗಾರದ ಕಳ್ಳರ ಬೆನ್ನು ಹತ್ತುತ್ತಾನೆ ಎಂದರೆ, ಪ್ರೇಕ್ಷಕನ ಸೀಟಿಯಲ್ಲಿ ಅವನ ಮನೆಯ ಸಿಟ್ಟೂ ಸೇರಿರುತ್ತಿತ್ತು.

ಅದನ್ನು ಸತ್ಯಯುಗವೆಂದು ನಾವು ಹೇಳುವುದಿಲ್ಲ. ಆ ಚಿತ್ರಗಳ ಅಚ್ಚು ಲಂಡನ್ನಿನದು. 007ರ ಬದಲು 999 ಎಂದು ಬರೆದರೆ ಸ್ವದೇಶಿಯಾಗುವುದಿಲ್ಲ; ಲಂಡನ್ನಿನಲ್ಲಿ ಪೋಲೀಸರನ್ನು ಕರೆಯಲು ತಿರುಗಿಸುವ ಸಂಖ್ಯೆಯೂ 999 ಎಂಬುದನ್ನು ನಮ್ಮ ನಿರ್ಮಾಪಕರು ಬಲ್ಲರೋ ಇಲ್ಲವೋ. ಹೆಣ್ಣುಮಕ್ಕಳನ್ನು ಕುಣಿಸಿ ಕಣ್ಣು ತುಂಬಿಸುವುದೂ ಅದೇ ಅಂಗಡಿಯ ಸರಕು. ಆದರೂ ಒಂದು ವ್ಯತ್ಯಾಸವನ್ನು ಒಪ್ಪಬೇಕು. ನಮ್ಮ 999 ಸರಕಾರಿ ನೌಕರ, ಪೋಲೀಸ್ ಖಾತೆಯವನು. ಅವನ ವೈರಿ ಊರೊಳಗಿನ ಕಳ್ಳ. ಇಂದಿನ ಚಿತ್ರಮಾಲೆಯ ಗೂಢಚಾರ ಜಗತ್ತನ್ನೆಲ್ಲ ಸುತ್ತುತ್ತಾನೆ, ಸ್ಪೇನಿಗೆ ಹೋಗುತ್ತಾನೆ, ಜಪಾನಿಗೆ ಹೋಗುತ್ತಾನೆ. ಸಪ್ತಾಪುರದ ಹುಡುಗನ ಪರೀಕ್ಷೆಯ ಉತ್ತರಪತ್ರಿಕೆ ಕದ್ದವನ ಊರಿಗೆ ಮಾತ್ರ ಬರುವುದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇವೆ.

ಮೂಲ ಅಚ್ಚನ್ನು ಕೊರೆದವನು ಇಯಾನ್ ಫ್ಲೆಮಿಂಗ್ ಎಂಬ ಇಂಗ್ಲಿಷ್ ಬರಹಗಾರ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಬೇಹುಗಾರಿಕೆಯಲ್ಲಿ ಇದ್ದವನು. 1953ರಲ್ಲಿ ಮೊದಲ ಕಾದಂಬರಿ, 1962ರಲ್ಲಿ ಮೊದಲ ಚಿತ್ರ 'ಡಾಕ್ಟರ್ ನೋ'. ಆ ವರ್ಷಗಳನ್ನು ನೋಡಿರಿ. 1947ರಲ್ಲಿ ಬ್ರಿಟನ್ನಿನ ಕೈಯಿಂದ ಭಾರತ ಹೋಗಿತ್ತು. 1956ರಲ್ಲಿ ಸುಯೆಜ್ ಕಾಲುವೆಯಲ್ಲಿ ಮಾನವೂ ಹೋಯಿತು. ನಿಜವಾದ ಜಗತ್ತಿನಲ್ಲಿ ಸೈನ್ಯ ಕಳಿಸಿಯೂ ಗೆಲ್ಲಲಾಗದವರಿಗೆ ಪರದೆಯ ಮೇಲೆ ಒಬ್ಬನೇ ಹೋಗಿ ಜಗತ್ತನ್ನು ಗೆದ್ದು ಬರುವ ಮನುಷ್ಯ ಬೇಕಾದ. ಅವನಿಗೆ 'ಕೊಲ್ಲುವ ಪರವಾನಗಿ' ಕೊಟ್ಟರು. ಸಾಮ್ರಾಜ್ಯ ಕಳೆದುಕೊಂಡವರ ಆ ಕನಸನ್ನು, ಸಾಮ್ರಾಜ್ಯದಿಂದ ಬಿಡಿಸಿಕೊಂಡ ನಾವು ದುಡ್ಡು ಕೊಟ್ಟು ಕೊಂಡೆವು!

ಇಲ್ಲಿಯೇ ಒಂದು ಸಂಗತಿ ಇದೆ, ಇದನ್ನು ನಮ್ಮ ತರುಣರು ತಮ್ಮ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆ ಜೇಮ್ಸ್ ಬಾಂಡನು ಕೆಲಸ ಮಾಡುವನೆನ್ನುವ ಬ್ರಿಟಿಷ್ ಗುಪ್ತಚರ ಸಂಸ್ಥೆ ಇದೆಯಲ್ಲ, ಅದನ್ನು ಅವರ ಪಾರ್ಲಿಮೆಂಟು 1994ರಲ್ಲಿ ಒಂದು ಕಾಯ್ದೆಯ ಕೆಳಗೆ ತಂದಿತು. ಅದರ ಕೆಲಸ ಏನು, ಯಾರ ಅಪ್ಪಣೆ ಬೇಕು ಎಂಬುದನ್ನು ಬರೆದಿಟ್ಟಿತು. ಮೇಲ್ವಿಚಾರಣೆಗೆ ಪಾರ್ಲಿಮೆಂಟಿನ ಸದಸ್ಯರ ಒಂದು ಸಮಿತಿಯನ್ನೂ ನೇಮಿಸಿತು. ಅಮೇರಿಕದವರು 1975ರಲ್ಲಿಯೇ ಸೆನೆಟ್ ಸಮಿತಿ ಕೂಡಿಸಿ ತಮ್ಮ ಗೂಢಚಾರರ ಕೃತ್ಯಗಳನ್ನು ಬಯಲಿಗೆಳೆದರು. ಆ ಸಮಿತಿಗಳು ಹಾಲಿನಂತೆ ಬೆಳ್ಳಗಿವೆಯೆಂದು ನಾವು ಹೇಳುವುದಿಲ್ಲ. ಆದರೆ ಕೇಳುವ ಒಂದು ಬಾಗಿಲಾದರೂ ಇದೆ.

ನಮ್ಮಲ್ಲಿ? ಹೊರದೇಶದ ಬೇಹುಗಾರಿಕೆಯ ನಮ್ಮ ಸಂಸ್ಥೆ 'ರಾ' ಹುಟ್ಟಿದ್ದು 1968ರ ಸಪ್ಟೆಂಬರಿನಲ್ಲಿ, 'ಜೇಡರ ಬಲೆ' ಬಂದ ವರ್ಷವೇ. ಅದು ಸರಕಾರದ ಆಜ್ಞೆಯಿಂದ ಹುಟ್ಟಿತು. ಅದಕ್ಕೆಂದು ಸಂಸತ್ತು ಇಂದಿನವರೆಗೂ ಒಂದು ಕಾಯ್ದೆ ಮಾಡಿಲ್ಲ. ಒಳಗಿನ ಬೇಹುಗಾರಿಕೆಯ ಐ.ಬಿ. ಬ್ರಿಟಿಷರ ಕಾಲದ್ದು, ಅದರದೂ ಅದೇ ಗತಿ. 2005ರ ಮಾಹಿತಿ ಹಕ್ಕಿನ ಕಾಯ್ದೆ ಬಂದಾಗ ಇವೆರಡನ್ನೂ ಅದರಿಂದ ಹೊರಗಿಟ್ಟರು. 2011ರಲ್ಲಿ ಲೋಕಸಭೆಯ ಸದಸ್ಯ ಮನೀಶ್ ತಿವಾರಿಯವರು ಖಾಸಗಿ ಮಸೂದೆಯೊಂದನ್ನು ತಂದರು, ಅದು ಹಾಗೆಯೇ ಮುಗ್ಗರಿಸಿತು. ಬಾಂಡನ ಪಿಸ್ತೂಲು, ಬಾಂಡನ ಕಾರು, ಬಾಂಡನ ಕೋಟು ಎಲ್ಲವನ್ನೂ ಆಮದು ಮಾಡಿಕೊಂಡ ನಾವು 1994ರ ಆ ಕಾಯ್ದೆಯೊಂದನ್ನು ಬಂದರಿನಲ್ಲಿಯೇ ಬಿಟ್ಟು ಬಂದೆವು.

ನಿಜವಾದ ಗೂಢಚಾರ ಹೇಗಿರುತ್ತಾನೆಂಬುದು ಸಿನೇಮಾದವರಿಗೆ ಗೊತ್ತಿಲ್ಲದಿದ್ದರೂ ನಮ್ಮಂಥವರಿಗೆ ಗೊತ್ತು. ನಮ್ಮ ಸಣ್ಣಪುಟ್ಟ ಸಭೆಗಳಿಗೂ ಒಬ್ಬ ಗೃಹಸ್ಥರು ಸಾದಾ ಉಡುಪಿನಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂಡುವುದುಂಟು. ಕಾಲಲ್ಲಿ ಮಾತ್ರ ಇಲಾಖೆಯ ಬೂಟು. ಒಮ್ಮೆ ಸಭೆ ಮುಗಿದ ಮೇಲೆ ನಮ್ಮ ಹತ್ತಿರ ಬಂದು, "ಸರ, ಎಷ್ಟು ಮಂದಿ ಕೂಡಿದ್ರಂತ ಬರೀಲಿ?" ಎಂದು ನಮ್ಮನ್ನೇ ಕೇಳಿದರು. ನಾವು ನಾನೂರು ಎಂದೆವು. ಅವರು ನಕ್ಕು ನೂರಿಪ್ಪತ್ತು ಎಂದು ಬರೆದುಕೊಂಡರು. ಇದ್ದವರು ತೊಂಬತ್ತು. ಭಾಷಣಕಾರರ ಅಡ್ಡಹೆಸರು ಕೇಳಿ ತಿದ್ದಿಕೊಂಡು, ನಮ್ಮದೇ ಚಹ ಕುಡಿದು, ಬಸ್ಸಿನ ಭತ್ತೆ ಆರು ತಿಂಗಳಿಂದ ಬಂದಿಲ್ಲವೆಂದು ದುಃಖ ತೋಡಿಕೊಂಡು ಹೋದರು. ಆ ಬಡ ನೌಕರನ ಮೇಲೆ ನಮಗೆ ಸಿಟ್ಟೇನೂ ಇಲ್ಲ. ಸಂಘ ಕಟ್ಟಿಕೊಟ್ಟರೆ ನಮ್ಮ ಕಡೆಗೇ ಬಂದಾರು. ಆದರೆ ಅವರು ಬರೆದ ಕಾಗದ ಎಲ್ಲಿಗೆ ಹೋಗುತ್ತದೆ? ಯಾರು ಓದುತ್ತಾರೆ? ಅದರಲ್ಲಿ ತಪ್ಪಿದ್ದರೆ ತಿದ್ದುವವರು ಯಾರು? ಕೇಳಲು ನಮಗೊಂದು ಬಾಗಿಲಿಲ್ಲ.

ಬಾಗಿಲು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ಕಥೆ ಹೇಳುತ್ತೇವೆ. ಇದು ಸಿನೇಮಾದವರ ಕಥೆಯೇ. 1970ರಲ್ಲಿ 'ಸಂಸ್ಕಾರ' ಚಿತ್ರ ಬಂದಾಗ ಚಂದ್ರಿಯ ಪಾತ್ರ ಮಾಡಿದವರು ಸ್ನೇಹಲತಾ ರೆಡ್ಡಿ. ಅದನ್ನು ನಿರ್ದೇಶಿಸಿದ ಅವರ ಪತಿ ಪಟ್ಟಾಭಿರಾಮ ರೆಡ್ಡಿಯವರೂ, ಅವರೂ ಲೋಹಿಯಾ ಅವರ ಅನುಯಾಯಿಗಳು. ತುರ್ತುಪರಿಸ್ಥಿತಿಯಲ್ಲಿ ಪೋಲೀಸರು ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸರನ್ನು ಹುಡುಕುತ್ತಿದ್ದರು. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರನ್ನು ಹಿಡಿದು ಬೆಂಗಳೂರಿನ ಸೆರೆಮನೆಗೆ ಹಾಕಿದರು. ಉಬ್ಬಸದ ಬೇನೆಯಿದ್ದ ಹೆಣ್ಣುಮಗಳು. ಎಂಟು ತಿಂಗಳು ಇಟ್ಟರು. ಕೊನೆಗೆ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. 1977ರ ಜನವರಿಯಲ್ಲಿ, ಇನ್ನು ಉಳಿಯಲಾರರೆಂಬ ಸ್ಥಿತಿಯಲ್ಲಿ ಹೊರಗೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು.

ಆ ತಾಯಿಯನ್ನು ಹಿಡಿದವರೂ, ಕೇಳಿದರೆ, ದೇಶಕ್ಕಾಗಿ ಎಂದೇ ಹೇಳುತ್ತಿದ್ದರು. ಪರದೆಯ ಮೇಲಿನ ಕಬೀರನೂ ಅದನ್ನೇ ಹೇಳುತ್ತಾನೆ. ಎರಡೂ ಕಡೆಗೆ ಒಂದೇ ಮಾತು. ಪರದೆಯ ಮೇಲಾದರೆ ಅವನು ಹಿಡಿದವರೆಲ್ಲ ನಿಜವಾಗಿಯೂ ದ್ರೋಹಿಗಳೇ ಆಗಿರುತ್ತಾರೆ, ಕಥೆ ಬರೆಯುವವನು ಅದರ ಕಾಳಜಿ ತೆಗೆದುಕೊಂಡಿರುತ್ತಾನೆ. ಸೆರೆಮನೆಯಲ್ಲಿ ಕಥೆ ಬರೆಯುವವನು ಇರುವುದಿಲ್ಲ.

ಒಂದು ಕಾಲಕ್ಕೆ ನಮ್ಮ ಜನಕ್ಕೆ ಈ ಲೆಕ್ಕ ಕೇಳುವ ರೂಢಿ ಇತ್ತು. 1988ರಲ್ಲಿ ಕರ್ನಾಟಕದಲ್ಲಿ ರಾಜಕಾರಣಿಗಳ ದೂರವಾಣಿಗಳನ್ನು ಕದ್ದು ಕೇಳಿದರೆಂಬ ಸಂಗತಿ ಹೊರಬಿದ್ದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಆಗಸ್ಟ್ ತಿಂಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಅವರ ಜಾಗಕ್ಕೆ ಬಂದವರು ನಮ್ಮ ಹುಬ್ಬಳ್ಳಿಯ ಎಸ್. ಆರ್. ಬೊಮ್ಮಾಯಿಯವರು. ಹೆಗಡೆಯವರಂಥ ಜನಪ್ರಿಯ ಪುಢಾರಿಯೂ ಒಂದು ಕಿವಿಗಳ್ಳತನದ ಮುಂದೆ ನಿಲ್ಲಲಾರದೆ ಹೋದರು. ಅಂದು ಕದ್ದು ಕೇಳುವುದಕ್ಕೆ ಆಧಾರವಾಗಿದ್ದದ್ದು ಬ್ರಿಟಿಷರು 1885ರಲ್ಲಿ ಮಾಡಿಟ್ಟ ತಂತಿ ಕಾಯ್ದೆ. ಆಮೇಲೆ 2021ರ ಜುಲೈಯಲ್ಲಿ ಇಸ್ರೇಲದ 'ಪೆಗಾಸಸ್' ಎಂಬ ಉಪಕರಣದ ಸುದ್ದಿ ಬಂತು. 2019ರಲ್ಲಿ ನಮ್ಮ ರಾಜ್ಯದ ಸಮ್ಮಿಶ್ರ ಸರಕಾರ ಅಲುಗಾಡುತ್ತಿದ್ದಾಗ ಅಂದಿನ ಉಪಮುಖ್ಯಮಂತ್ರಿಗಳ, ಮುಖ್ಯಮಂತ್ರಿಗಳ ಆಪ್ತ ಕಾರ್ಯದರ್ಶಿಯ ಸಂಖ್ಯೆಗಳೂ ಪಟ್ಟಿಯಲ್ಲಿದ್ದವೆಂದು ವರದಿಯಾಯಿತು. ಸರ್ವೋಚ್ಚ ನ್ಯಾಯಾಲಯ ಸಮಿತಿ ನೇಮಿಸಿತು. 2022ರ ಆಗಸ್ಟಿನಲ್ಲಿ ಸಮಿತಿ ಹೇಳಿದ್ದು ಇಷ್ಟು: ನೋಡಿದ 29 ಫೋನುಗಳಲ್ಲಿ ಐದರಲ್ಲಿ ಏನೋ ದುಷ್ಟ ಉಪಕರಣ ಇತ್ತು, ಅದು ಪೆಗಾಸಸ್ಸೇ ಎಂದು ಖಚಿತವಿಲ್ಲ, ಕೇಂದ್ರ ಸರಕಾರ ಸಹಕರಿಸಲಿಲ್ಲ. ಅಷ್ಟಕ್ಕೇ ಮುಗಿಯಿತು. ಯಾರೂ ಕುರ್ಚಿ ಬಿಡಲಿಲ್ಲ. 1988ರ ಆಗಸ್ಟಿಗೂ 2022ರ ಆಗಸ್ಟಿಗೂ ನಡುವೆ ನಮ್ಮ ಜನದ ಮನಸ್ಸಿಗೆ ಏನಾಯಿತು? ಎಲ್ಲವನ್ನೂ ಸಿನೇಮಾದ ತಲೆಯ ಮೇಲೆ ಹಾಕುವುದು ನ್ಯಾಯವಲ್ಲ. ಆದರೆ ಗೂಢಚಾರನೆಂದರೆ ಲೆಕ್ಕ ಕೊಡದವನು, ಲೆಕ್ಕ ಕೇಳುವವನೇ ದ್ರೋಹಿ ಎಂಬ ಪಾಠವನ್ನು ಇಷ್ಟು ವರ್ಷ ಯಾವ ಶಾಲೆಯಲ್ಲಿ ಕಲಿಸಿದರು?

ಇದಕ್ಕೆ ವಿರುದ್ಧವಾದ ಒಬ್ಬ ಮನುಷ್ಯನೂ ನಮ್ಮ ನಾಡಿನಲ್ಲಿಯೇ ಇದ್ದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಮನುಷ್ಯನ ಖಾಸಗಿತನ ಮೂಲಭೂತ ಹಕ್ಕು ಎಂದರು. ಅವರ ಮೇಲೆ ಯಾರಾದರೂ ಚಿತ್ರಮಾಲೆ ತೆಗೆದದ್ದು ನಮಗೆ ಕಾಣಲಿಲ್ಲ. ಪಾಪ, ಅವರು ರೈಲಿನ ಮೇಲೆ ಓಡಲಿಲ್ಲ.

ಮತ್ತೆ ಅಂಗಡಿಗೆ ಬರೋಣ. ಆ ಗುಂಪಿನಲ್ಲಿ ಒಬ್ಬ ತರುಣ ಮೊದಲಿನಿಂದಲೂ ಮಾತಾಡಿರಲಿಲ್ಲ. ಉಳಿದವರಿಗಿಂತ ವಯಸ್ಸಿನಲ್ಲಿ ದೊಡ್ಡವನು. ಅವನು 2021ರ ಅಕ್ಟೋಬರ್ 3ರಂದು ಪಿಎಸ್‌ಐ ಪರೀಕ್ಷೆ ಬರೆದವನೆಂದು ಗೆಳೆಯರು ಹೇಳಿದರು. ವಾಚಕರಿಗೆ ಆ ಪರೀಕ್ಷೆ ನೆನಪಿದ್ದೀತು. 545 ಜಾಗ, ಐವತ್ತು ಸಾವಿರಕ್ಕೂ ಮೇಲ್ಪಟ್ಟು ಅಭ್ಯರ್ಥಿಗಳು. ಆಮೇಲೆ ಹೊರಬಿದ್ದದ್ದು ಏನು? ದುಡ್ಡು ಕೊಟ್ಟವರ ಉತ್ತರಪತ್ರಿಕೆಯನ್ನು ಪರೀಕ್ಷೆ ಮುಗಿದ ಮೇಲೆ ತುಂಬಿದರು. ಕೆಲವರು ಕಿವಿಯಲ್ಲಿ ಬ್ಲೂಟೂತ್ ಯಂತ್ರ ಇಟ್ಟುಕೊಂಡು ಹೊರಗಿನಿಂದ ಉತ್ತರ ಕೇಳಿ ಬರೆದರು. 2022ರ ಏಪ್ರಿಲ್ ಕೊನೆಗೆ ಸರಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈಯಲ್ಲಿ, ನೇಮಕಾತಿಯ ಮುಖ್ಯಸ್ಥರಾಗಿದ್ದ ಹಿರಿಯ ಪೋಲೀಸ್ ಅಧಿಕಾರಿಯೇ ಬಂಧಿತರಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಎರಡು ವರ್ಷ ಮೂರು ತಿಂಗಳು! ಒಬ್ಬ ತರುಣನ ಆಯುಷ್ಯದಲ್ಲಿ ಅದು ಸಣ್ಣ ಲೆಕ್ಕವೇ? ಈ ನಡುವೆ ಎಷ್ಟು ಮನೆಗಳಲ್ಲಿ ಎತ್ತು ಮಾರಿ ಕೋಣೆಯ ಬಾಡಿಗೆ ಕೊಟ್ಟಿಲ್ಲ!

ನೋಡಿರಿ, ಗೂಢಚಾರನ ಕಿವಿಯೊಳಗಿನ ಯಂತ್ರ ಕೊನೆಗೂ ನಮ್ಮ ಊರಿಗೆ ಬಂದದ್ದು ಹೀಗೆ. ಬಂದದ್ದು ಬಡವನ ಮಗನ ನೌಕರಿ ಕದಿಯಲು. ಮತ್ತು ಆ ಕಳ್ಳತನವನ್ನು ತನಿಖೆ ಮಾಡಿದವರು ಯಾರು? ಸಿ.ಐ.ಡಿ. ಅವರಿಗೆ 999 ಎಂಬ ಬಿಲ್ಲೆ ಇರಲಿಲ್ಲ. ಕಾಗದ ನೋಡಿ, ಫೋನಿನ ದಾಖಲೆ ತೆಗೆದು, ಸಾಕ್ಷಿಯ ಹೇಳಿಕೆ ಬರೆದುಕೊಂಡು, ಆರೋಪಿಗಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ಯಾರನ್ನೂ ಗುಂಡಿಟ್ಟು ಕೊಲ್ಲಲಿಲ್ಲ. ಪೋಲೀಸ್ ಖಾತೆಯೇ ತನ್ನ ಹಿರಿಯ ಅಧಿಕಾರಿಯನ್ನು ಹಿಡಿಯಲು ಶಕ್ತವಾದದ್ದು ಏಕೆ? ಅದರ ಮೇಲೆ ಕಾನೂನು ಇದೆ, ವಿಧಾನಸಭೆಯಲ್ಲಿ ಪ್ರಶ್ನೆ ಕೇಳಬಹುದು, ಬೀದಿಯಲ್ಲಿ ಅಭ್ಯರ್ಥಿಗಳು ಕೂಗಿದರು. ಲೆಕ್ಕ ಕೇಳಿದ್ದರಿಂದ ಸಿಕ್ಕಿತು. ಅದೇ ಪೋಲೀಸರಿಗೆ ಕಬೀರನ ಪರವಾನಗಿ ಇದ್ದಿದ್ದರೆ, ದೇಶದ ಹಿತಕ್ಕಾಗಿ ಉತ್ತರಪತ್ರಿಕೆ ತಿದ್ದಿದೆವು ಎಂದು ಹೇಳಿ ಕೈ ತೊಳೆದುಕೊಳ್ಳಬಹುದಾಗಿತ್ತು, ನಮ್ಮ ತರುಣರು ಅದಕ್ಕೂ ಹತ್ತಕ್ಕೆ ಎಂಟು ಹಾಕಬೇಕಾಗುತ್ತಿತ್ತು.

'ಸಿನೇಮಾ ಸಿನೇಮಾನೇ, ಅಷ್ಟೊಂದು ಹಚ್ಚಿಕೊಳ್ಳಬಾರದು' ಎಂದು ನಮಗೆ ಬುದ್ಧಿ ಹೇಳುವವರು ಇದ್ದಾರೆ. ಸರಿ. ಹಾಗಾದರೆ ಆ ಸಿನೇಮಾವನ್ನು ಸ್ವಾತಂತ್ರ್ಯದಿನದ ಹಿಂದಿನ ದಿನವೇ ಬಿಡುಗಡೆ ಮಾಡಬೇಕೆಂದು ಧನಿಗಳಿಗೆ ತೋರಿದ್ದು ಏಕೆ? ನಾಗರಪಂಚಮಿಗೆ ಬಿಡಬಹುದಿತ್ತಲ್ಲ. 'ಗಡಿಯಲ್ಲಿ ಪ್ರಾಣ ಒತ್ತೆಯಿಟ್ಟವರನ್ನು ಅವಮಾನ ಮಾಡುತ್ತೀರಾ' ಎಂದು ಕೇಳುವವರೂ ಇದ್ದಾರೆ. ಅವಮಾನ ಮಾಡುವವರು ನಾವಲ್ಲ. ಬೇಹುಗಾರಿಕೆ ಯಾವ ದೇಶಕ್ಕಾದರೂ ಬೇಕು, ಅದರಲ್ಲಿ ಸತ್ತವರ ಹೆಸರೂ ಹೊರಬರುವುದಿಲ್ಲ. ಹೆಸರಿಲ್ಲದೆ ಸಾಯುವ ಆ ನೌಕರನ ಹೆಂಡತಿಗೆ ನಿವೃತ್ತಿವೇತನ ಕೊಡಿಸುವುದಕ್ಕೂ ಕಾಯ್ದೆಯೇ ಬೇಕಾಗುತ್ತದೆ. ಅಪ್ಪಣೆ ಕೊಟ್ಟ ಮಂತ್ರಿ ನಾಳೆ 'ನನಗೆ ಗೊತ್ತಿಲ್ಲ' ಎಂದರೆ ಅವನನ್ನು ಕಾಯುವುದೂ ಕಾಯ್ದೆಯೇ.

ನಮ್ಮ ಬೇಡಿಕೆಯನ್ನು ಅಂದು ಆ ಅಂಗಡಿಯಲ್ಲಿ ಹೇಳಿದಂತೆಯೇ ಇಲ್ಲಿ ಹೇಳುತ್ತೇವೆ. ಗುಪ್ತಚರ ಸಂಸ್ಥೆಗಳಿಗೆ ಸಂಸತ್ತಿನ ಕಾಯ್ದೆಯಾಗಲಿ. ವಿರೋಧಪಕ್ಷದವರೂ ಇರುವ ಸಂಸದರ ಸಮಿತಿಯೊಂದು ಅವುಗಳ ಖರ್ಚನ್ನೂ ಕೆಲಸವನ್ನೂ ಬಾಗಿಲು ಮುಚ್ಚಿಕೊಂಡಾದರೂ ನೋಡಲಿ. ಯಾವ ಪ್ರಜೆಯ ಫೋನಿಗಾದರೂ ಕಿವಿ ಹಚ್ಚುವ ಮೊದಲು ಗೃಹ ಕಾರ್ಯದರ್ಶಿಯ ಸಹಿ ಸಾಲದು, ನ್ಯಾಯಾಧೀಶರ ಸಹಿ ಬೇಕು.

ಇದನ್ನೆಲ್ಲ ಕೇಳಿ ತರುಣರು ಈ ಸಲ ನಗಲಿಲ್ಲ. ಒಪ್ಪಿದರೆಂದೂ ನಾವು ಹೇಳುವುದಿಲ್ಲ. "ಮಾಸ್ತರ ಪಾಠ ಸುರು ಮಾಡಿದ್ರು" ಎಂದು ಒಬ್ಬ ಮೆಲ್ಲಗೆ ಅಂದದ್ದು ನಮಗೆ ಕೇಳಿಸಿತು. ಆ ದೊಡ್ಡವನು ಮಾತ್ರ ಕಿಸೆಯಿಂದ ಸಣ್ಣ ನೋಟಬುಕ್ಕು ತೆಗೆದ.

"ಸರ, 'ರಾ' ಯಾವ ಕಾಯ್ದೆ ಪ್ರಕಾರ ಸ್ಥಾಪನೆ ಆತು ಅಂತ ಪರೀಕ್ಷಾದಾಗ ನಾಕು ಆಪ್ಶನ್ ಕೊಟ್ಟು ಕೇಳಿದ್ರ ಯಾವುದಕ್ಕ ಗುರುತು ಹಾಕಬೇಕು?"

"ಯಾವುದಕ್ಕೂ ಅಲ್ಲ. ಕಾಯ್ದೆ ಇಲ್ಲ."

ಬರೆದುಕೊಂಡ. ಪೆನ್ನು ಮುಚ್ಚಲಿಲ್ಲ.

"ಯಾಕಿಲ್ಲರಿ?"

ಅಂಗಡಿಯವನು ಬಾಕು ಒಳಗಿಡುತ್ತಿದ್ದ. ಮಳೆ ಇನ್ನೂ ಪೂರ್ತಿ ನಿಂತಿರಲಿಲ್ಲ. ನಾವೂ ಅವನೂ ಸಪ್ತಾಪುರದ ಬಾವಿಯ ಕಡೆಗೆ ಮಾತಾಡುತ್ತ ನಡೆದೆವು.